ಸಿಡಿ, ಡಿವಿಡಿ ಮೇಲೆ ನೇರವಾಗಿ ಲೇಬಲ್ ಪ್ರಿಂಟ್ ಮಾಡುವುದು ಹೇಗೆ?

"ಡಿವಿಡಿ ಮೇಲೆ ಹೆಸರು, ಫೋಟೊ ಬರಬೇಕು. ಸ್ಟಿಕ್ಕರ್ ಅಂಟಿಸಿದರೆ ಸಾಕಾ? ನಮ್ಮ ಪ್ರಿಂಟರ್‌ನಲ್ಲೇ ಆಗುತ್ತಾ?" ಇದನ್ನು ಕೇಳುವವರು ಈಗಲೂ ಬಹಳ ಜನ ಇದ್ದಾರೆ. ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರು, ಮನೆಯ ಹಳೇ ಕ್ಯಾಸೆಟ್‌ಗಳನ್ನು ಡಿಸ್ಕ್‌ಗೆ ಇಳಿಸುತ್ತಿರುವವರು, ಸಂಗೀತದ ಮೇಷ್ಟ್ರುಗಳು, ಯಕ್ಷಗಾನದ ರೆಕಾರ್ಡಿಂಗ್ ಜೋಪಾನ ಮಾಡುವವರು, ಕೋರ್ಟಿಗೆ ಡಿಸ್ಕ್ ಸಲ್ಲಿಸಬೇಕಾದವರು. ಎಲ್ಲರಿಗೂ ಒಟ್ಟಿಗೆ ಉತ್ತರ ಸಿಗಲಿ ಅಂತ ಈ ಲೇಖನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೇಬಲ್ ಇರುವುದು ಚಂದಕ್ಕಲ್ಲ. ಮುಂದೆ ಯಾವತ್ತೋ ಯಾರೋ ಈ ಡಿಸ್ಕನ್ನು ಕೈಗೆತ್ತಿಕೊಂಡಾಗ, ಒಳಗೆ ಏನಿದೆ ಅಂತ ಹೇಳಲು ನೀವು ಪಕ್ಕದಲ್ಲಿ ಇರುವುದಿಲ್ಲ. ಆ ಕೆಲಸವನ್ನು ಲೇಬಲ್ ಮಾಡಬೇಕು. ಕೆಳಗೆ ಕೊಟ್ಟಿರುವ ಸಲಹೆಗಳೆಲ್ಲ ಇದೇ ಲೆಕ್ಕದಲ್ಲಿವೆ.

ಸ್ಟಿಕ್ಕರ್ ಯಾಕೆ ಬೇಡ

ಕಾಗದದ ಸ್ಟಿಕ್ಕರ್ ಅಗ್ಗ, ನಿಜ. ಆದರೆ ಡ್ರೈವ್ ಪೂರ್ತಿ ವೇಗದಲ್ಲಿ ಓಡುವಾಗ ಡಿಸ್ಕ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಸ್ಟಿಕ್ಕರ್ ಒಂದು ಚೂರು ಪಕ್ಕಕ್ಕೆ ಕೂತಿದ್ದರೂ ತೂಕ ಒಂದೇ ಕಡೆಗೆ ವಾಲಿ ಡಿಸ್ಕ್ ಅದುರುತ್ತದೆ. ತೇವ, ಬಿಸಿಗೆ ಕಾಗದ ಕುಗ್ಗಿ ಹಿಗ್ಗಿ ಡಿಸ್ಕನ್ನೇ ಸ್ವಲ್ಪ ಬಾಗಿಸಬಹುದು. ಡಿವಿಡಿಗೆ ಅಷ್ಟು ಬಾಗಿದರೂ ಸಾಕು, ಓದಲು ತಕರಾರು ಶುರು. ಅಂಚು ಎದ್ದ ಸ್ಟಿಕ್ಕರ್ ಕಾರಿನ ಪ್ಲೇಯರ್ ಒಳಗೆ ಸಿಕ್ಕಿಹಾಕಿಕೊಂಡರೆ ಬಿಚ್ಚಿಸುವುದೇ ದಾರಿ.

ಅಂಟಿಸಿದ್ದನ್ನು ಕೀಳುವುದಂತೂ ಇನ್ನೂ ಅಪಾಯ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಲೇಬಲ್ ಕಡೆಗೆ, ತೆಳು ಲೇಪನದ ಕೆಳಗೆ. ಸ್ಟಿಕ್ಕರ್ ಕಿತ್ತರೆ ಹೊಳೆಯುವ ಪದರವೂ ಜೊತೆಗೆ ಎದ್ದು ಬರಬಹುದು. ಬಹಳ ಜನ ಕೆಳಗಿನ ಹೊಳೆಯುವ ಮುಖವನ್ನೇ ಜೋಪಾನ ಮಾಡುತ್ತಾರೆ. ಸಿಡಿಯ ಮಟ್ಟಿಗೆ ಜಾಸ್ತಿ ನಾಜೂಕಾಗಿರುವುದು ಮೇಲಿನ ಮುಖ. ಡಿವಿಡಿಯಲ್ಲಿ ತಲಾ 0.6 ಮಿ.ಮೀ. ದಪ್ಪದ ಎರಡು ಬಿಲ್ಲೆಗಳ ನಡುವೆ ಮಾಹಿತಿ ಇರುತ್ತದೆ, ಹಾಗಾಗಿ ಮೇಲಿನ ಮುಖ ಸ್ವಲ್ಪ ಗಟ್ಟಿ. ಡಿವಿಡಿಗಿಂತ ಹೆಚ್ಚು ಮಾಹಿತಿ ಹಿಡಿಸುವ ಬ್ಲೂ-ರೇ ಡಿಸ್ಕಿನಲ್ಲಿ ಮಾಹಿತಿ ಕೆಳಮುಖದಿಂದ ಬರೀ 0.1 ಮಿ.ಮೀ. ಒಳಗಿದೆ.

ಏನೇನು ಬೇಕು

ಡಿಸ್ಕ್: ಪೊಟ್ಟಣದ ಮೇಲೆ "ಇಂಕ್‌ಜೆಟ್ ಪ್ರಿಂಟಬಲ್" ಅಂತ ಬರೆದಿರಬೇಕು. ಇಂಕ್‌ಜೆಟ್ ಅಂದರೆ ಶಾಯಿ ಚಿಮ್ಮಿಸಿ ಮುದ್ರಿಸುವ ಪ್ರಿಂಟರ್. ಅದರ ಶಾಯಿ ಹೀರುವ ಬಿಳಿ ಲೇಪನ ಇರುವ ಡಿಸ್ಕ್ ಇದು. ಕಂಪನಿಯ ಹೆಸರು ಅಚ್ಚಾಗಿರುವ ಮಾಮೂಲಿ ಡಿಸ್ಕ್ ಮೇಲೆ ಶಾಯಿ ನಿಲ್ಲುವುದಿಲ್ಲ, ಕೈ ತಾಗಿದರೆ ಒರೆಸಿ ಹೋಗುತ್ತದೆ. "ಥರ್ಮಲ್ ಪ್ರಿಂಟಬಲ್" ಅಂತ ಇನ್ನೊಂದು ಬಗೆ ಇದೆ. ನೋಡಲು ಹೆಚ್ಚುಕಡಿಮೆ ಒಂದೇ ಥರ, ಆದರೆ ಅದು ಶಾಖದಿಂದ ಮುದ್ರಿಸುವ ದೊಡ್ಡ ಯಂತ್ರಗಳಿಗೆ ಮಾಡಿದ್ದು. ಕೊಳ್ಳುವಾಗ ಈ ಪದವನ್ನು ನೋಡಿ ತಗೊಳ್ಳಿ.

ಪ್ರಿಂಟಬಲ್ ಡಿಸ್ಕ್‌ನಲ್ಲೂ ಎರಡು ಅಳತೆ. ಸಾಧಾರಣ ಬಗೆಯಲ್ಲಿ ಬಿಳಿ ಲೇಪನ ನಡುವೆ ಸುಮಾರು 46 ಮಿ.ಮೀ. ವ್ಯಾಸ ಬಿಟ್ಟು ಶುರುವಾಗುತ್ತದೆ. "ವೈಡ್" ಅಥವಾ "ಹಬ್ ಪ್ರಿಂಟಬಲ್" ಬಗೆಯಲ್ಲಿ ರಂಧ್ರದ ಹತ್ತಿರದವರೆಗೂ, ಸುಮಾರು 23 ಮಿ.ಮೀ. ವರೆಗೆ ಲೇಪನ ಇರುತ್ತದೆ. ಹಬ್ ಅಂದರೆ ನಡುವಿನ ಪಾರದರ್ಶಕ ಬಳೆ. ನನ್ನ ಆಯ್ಕೆ ಯಾವಾಗಲೂ ವೈಡ್. ಬರೆಯಲು ಜಾಗ ಜಾಸ್ತಿ ಸಿಗುತ್ತದೆ. ನೀರು ಬಿದ್ದರೂ ಕದಡದ ಹೊಳಪಿನ ಬಗೆಯೂ ಇದೆ, ಬೆಲೆ ಹೆಚ್ಚು. ತುಂಬಾ ಕೈ ಬದಲಾಗುವ ಡಿಸ್ಕ್‌ಗೆ ಅದು ಸರಿ.

ಡಿಸ್ಕ್ ಸಿಗುವುದೇ ಈಗ ಕಮ್ಮಿಯಾಗಿದೆ. ನಮ್ಮಲ್ಲಿ ಮನೆಮನೆಗೂ ಗೊತ್ತಿದ್ದ ಮೋಸರ್ ಬೇರ್ ಕಂಪನಿ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸೋನಿ 2025ರ ಫೆಬ್ರುವರಿಯಲ್ಲಿ ರೈಟ್ ಮಾಡುವ (ಅಂದರೆ ನಾವೇ ಮಾಹಿತಿ ತುಂಬಿಸುವ) ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸಿತು. ಅದಕ್ಕೇ ಒಳ್ಳೆಯ ಡಿಸ್ಕನ್ನು ಪ್ರಯೋಗಕ್ಕೆ ಹಾಳು ಮಾಡಬೇಡಿ. ರೈಟ್ ಮಾಡುವಾಗ ಕೆಟ್ಟುಹೋದ ಪ್ರಿಂಟಬಲ್ ಡಿಸ್ಕ್‌ಗಳನ್ನು ಎಸೆಯದೆ ಎತ್ತಿಡಿ. ಮುಂದೆ ಬೇಕಾಗುತ್ತದೆ.

ಪ್ರಿಂಟರ್: ಎಲ್ಲ ಇಂಕ್‌ಜೆಟ್ ಪ್ರಿಂಟರಿನಲ್ಲೂ ಇದು ಆಗುವುದಿಲ್ಲ. ಡಿಸ್ಕ್ ಬಾಗುವುದಿಲ್ಲವಲ್ಲ, ಆದ್ದರಿಂದ ಅದು ನೆಟ್ಟಗೆ ಸಾಗುವ ದಾರಿ ಯಂತ್ರದೊಳಗೆ ಇರಬೇಕು. ಎಪ್ಸನ್‌ನ ಎಲ್ 805, ಎಲ್ 850, ಎಲ್ 8050, ಎಲ್ 18050 ಮಾದರಿಗಳಲ್ಲಿ ಈ ಸೌಲಭ್ಯ ಇದೆ. ಕ್ಯಾನನ್‌ನ ಐಪಿ 7270ಯಂಥ ಕೆಲವು ಪಿಕ್ಸ್‌ಮಾ ಮಾದರಿಗಳಲ್ಲೂ ಇದೆ. ಮನೆಗಳಲ್ಲಿ ಸಾಮಾನ್ಯವಾಗಿರುವ ಎಪ್ಸನ್ ಎಲ್ 3110, ಎಲ್ 3250ಗಳಲ್ಲಿ ಇಲ್ಲ.

ನಿಮ್ಮ ಹತ್ತಿರ ಅಂಥ ಪ್ರಿಂಟರ್ ಇಲ್ಲದಿದ್ದರೆ ಹೊಸದು ಕೊಳ್ಳುವ ಮೊದಲು ಊರಿನ ಫೋಟೊ ಸ್ಟುಡಿಯೊ, ಡಿಟಿಪಿ ಸೆಂಟರ್, ಸೈಬರ್ ಸೆಂಟರ್‌ಗಳಲ್ಲಿ ವಿಚಾರಿಸಿ. ಪ್ಲಾಸ್ಟಿಕ್ ಐಡಿ ಕಾರ್ಡ್ ಪ್ರಿಂಟ್ ಮಾಡಿಕೊಡುವ ಎಷ್ಟೋ ಅಂಗಡಿಗಳಲ್ಲಿ ಇರುವುದು ಎಲ್ 805 ಅಥವಾ ಎಲ್ 8050. ಕಾರ್ಡ್ ಹೋಗುವ ದಾರಿಯಲ್ಲೇ ಡಿಸ್ಕೂ ಹೋಗುತ್ತದೆ. ಟ್ರೇ ಮಾತ್ರ ಬೇರೆ. "ಸಿಡಿ ಟ್ರೇ ಇಟ್ಟಿದ್ದೀರಾ?" ಅಂತ ಮೊದಲೇ ಕೇಳಿ. ಬಳಕೆ ಇಲ್ಲ ಅಂತ ಅದನ್ನು ಎಲ್ಲೋ ಹಾಕಿ ಕಳೆದುಕೊಂಡಿರುವುದೇ ಹೆಚ್ಚು.

ಟ್ರೇ: ಡಿಸ್ಕ್ ಕೂರಿಸುವ ಚಪ್ಪಟೆ ಪ್ಲಾಸ್ಟಿಕ್ ಹಲಗೆ. ಒಂದು ಮಾದರಿಯ ಟ್ರೇ ಇನ್ನೊಂದಕ್ಕೆ ಆಗುತ್ತದೆ ಅಂತ ನಂಬಬೇಡಿ. ಇದನ್ನು ಯಾವಾಗಲೂ ಚಪ್ಪಟೆಯಾಗಿ ಇಡಿ. ಗೋಡೆಗೆ ಒರಗಿಸಿಟ್ಟು ಸ್ವಲ್ಪ ಸೊಟ್ಟಗಾದರೂ ಪ್ರಿಂಟರ್ ಅದನ್ನು ಒಪ್ಪುವುದಿಲ್ಲ.

ಸಾಫ್ಟ್‌ವೇರ್: ಎಪ್ಸನ್‌ನ ಹಳೆಯ ಮಾದರಿಗಳಿಗೆ ಎಪ್ಸನ್ ಪ್ರಿಂಟ್ ಸಿಡಿ, ಹೊಸತಕ್ಕೆ ಎಪ್ಸನ್ ಫೋಟೊ ಪ್ಲಸ್. ಕ್ಯಾನನ್‌ಗೆ ಈಸಿ ಫೋಟೊಪ್ರಿಂಟ್. ಎಲ್ಲವೂ ಉಚಿತ. ಲಿನಕ್ಸ್ ಬಳಸುವವರಿಗೆ ಗುಟೆನ್‌ಪ್ರಿಂಟ್ ಡ್ರೈವರ್‌ನಲ್ಲಿ ಸಿಡಿಗೆ ಮುದ್ರಿಸುವ ಆಯ್ಕೆ ಇದೆ.

ಮನೆಯಲ್ಲಿ "ಲೈಟ್‌ಸ್ಕ್ರೈಬ್" ಅಂತ ಬರೆದ ಹಳೇ ಡಿಸ್ಕ್ ಸಿಕ್ಕಿದರೆ ಅದು ಬೇರೆಯದೇ ವಿದ್ಯೆ. ಡಿಸ್ಕನ್ನು ಮಗುಚಿ ಹಾಕಿ, ಡ್ರೈವ್‌ನ ಲೇಸರ್‌ನಿಂದಲೇ ಒಂದೇ ಬಣ್ಣದಲ್ಲಿ ಚಿತ್ರ ಸುಡುವ ವಿಧಾನ. ಅದಕ್ಕೆಂದೇ ಮಾಡಿದ ಡ್ರೈವ್ ಬೇಕು. ಇಂಕ್‌ಜೆಟ್‌ಗೆ ಅದನ್ನು ಹಾಕಬೇಡಿ.

1. ಮೊದಲು ರೈಟ್ ಮಾಡಿ, ಪರೀಕ್ಷಿಸಿ

ಲೇಬಲ್ ಮುದ್ರಿಸಿ ಆಮೇಲೆ ರೈಟ್ ಮಾಡುವುದು ತಲೆಕೆಳಗಾದ ಕ್ರಮ. ಮುದ್ರಿಸುವಾಗ ಕೆಳಮುಖಕ್ಕೆ ಬೆರಳಚ್ಚು, ಧೂಳು, ಗೀರು ಬಿದ್ದರೆ ರೈಟ್ ಕೆಡುತ್ತದೆ. ಆಗ ಡಿಸ್ಕೂ ಹೋಯಿತು, ಶಾಯಿಯೂ ಹೋಯಿತು.

ರೈಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ "ವೆರಿಫೈ" ಆಯ್ಕೆ ಹಾಕಿ. ಬರೆದದ್ದನ್ನು ಮತ್ತೆ ಓದಿ ಮೂಲದ ಜೊತೆ ತಾಳೆ ನೋಡುವ ಕೆಲಸ ಅದು. "ಫೈನಲೈಸ್", ಅಂದರೆ ಡಿಸ್ಕನ್ನು ಮುಚ್ಚುವುದು, ಅದನ್ನೂ ಮರೆಯಬೇಡಿ. ಇಲ್ಲದಿದ್ದರೆ ಟಿವಿಯ ಪ್ಲೇಯರ್‌ನಲ್ಲಿ ಓಡದೆ ಹೋಗಬಹುದು. ಆಮೇಲೆ ಸಾಧ್ಯವಾದರೆ ಬೇರೊಂದು ಪ್ಲೇಯರ್‌ನಲ್ಲಿ ಹಾಕಿ ಶುರು, ನಡುವೆ, ಕೊನೆ ನೋಡಿ. ಪಾಸಾದ ಡಿಸ್ಕ್‌ಗೆ ಮಾತ್ರ ಲೇಬಲ್.

ಒಂದೇ ಸಲ ಹತ್ತಾರು ಡಿಸ್ಕ್ ಇದ್ದರೆ ಯಾವುದು ಯಾವುದು ಅಂತ ಗೊಂದಲ ಖಂಡಿತ. ಪ್ರತಿಯೊಂದನ್ನೂ ಸಂಖ್ಯೆ ಬರೆದ ಕವರಿನಲ್ಲಿ ಇಟ್ಟುಕೊಂಡೇ ಮುಂದುವರಿಯಿರಿ. ಒಳಗೊಂದು, ಹೊರಗೊಂದು ಆದ ಡಿಸ್ಕ್‌ಗಿಂತ ಲೇಬಲ್ಲೇ ಇಲ್ಲದ ಡಿಸ್ಕ್ ವಾಸಿ.

2. ಅಳತೆ ತೆಗೆದುಕೊಳ್ಳಿ

ಡಿಸ್ಕ್‌ನ ವ್ಯಾಸ 120 ಮಿ.ಮೀ., ನಡುವಿನ ರಂಧ್ರ 15 ಮಿ.ಮೀ. ಬಿಳಿ ಲೇಪನ ಎಲ್ಲಿಂದ ಎಲ್ಲಿವರೆಗೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸ್ಕೇಲ್ ಇಟ್ಟು ನೀವೇ ಅಳೆಯಿರಿ. ಒಳಗಿನ ವ್ಯಾಸ, ಹೊರಗಿನ ವ್ಯಾಸ, ಎರಡನ್ನೂ ಬರೆದುಕೊಳ್ಳಿ. ಎಪ್ಸನ್ ಸಾಫ್ಟ್‌ವೇರ್‌ನಲ್ಲಿ ಒಳಗೆ 18ರಿಂದ 46, ಹೊರಗೆ 114ರಿಂದ 120 ಮಿ.ಮೀ. ವರೆಗೆ ಹೊಂದಿಸಬಹುದು. ಆದರೆ 18, 120 ಅಂತ ಕೊನೆಯ ಅಂಚಿಗೆ ಹೋಗಬೇಡಿ. ಲೇಪನ ಇಲ್ಲದ ಕಡೆ ಬಿದ್ದ ಶಾಯಿ ಒಣಗುವುದಿಲ್ಲ. ಅದು ಟ್ರೇಗೆ ಅಂಟಿ, ಅಲ್ಲಿಂದ ಮುಂದಿನ ಡಿಸ್ಕ್‌ನ ಕೆಳಮುಖಕ್ಕೆ ಹತ್ತುತ್ತದೆ. ಅಳೆದ ಲೇಪನಕ್ಕಿಂತ ಎರಡೂ ಕಡೆ ಒಂದು ಮಿ.ಮೀ. ಒಳಗೇ ಇರಿ.

3. ವಿನ್ಯಾಸ, ಅದರಲ್ಲೂ ಕನ್ನಡದ ಅಕ್ಷರ

ಎಲ್ಲರೂ ಎಡವುವ ಜಾಗ ಇದು. ಸ್ವಲ್ಪ ನಿಧಾನವಾಗಿ ಓದಿ.

ಲೇಬಲ್ ಸಾಫ್ಟ್‌ವೇರ್‌ನಲ್ಲೇ ಕನ್ನಡ ಟೈಪ್ ಮಾಡಬೇಡಿ. ಹಳೆಯ ಸಾಫ್ಟ್‌ವೇರ್‌ಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. "ಸ್ವಾಗತ" ಅಂತ ಬರೆದರೆ ಒತ್ತು ಕಳಚಿ ಪಕ್ಕಕ್ಕೆ ಬಂದು ನಿಲ್ಲಬಹುದು. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿ ಇನ್ನೊಂದು ಕಂಪ್ಯೂಟರ್‌ಗೆ ಒಯ್ದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ.

ಸರಿಯಾದ ದಾರಿ ಇಷ್ಟು. ಇಂಕ್‌ಸ್ಕೇಪ್ ಅಥವಾ ಗಿಂಪ್‌ನಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡದಲ್ಲಿ ವಿನ್ಯಾಸ ಮಾಡಿ. ಎರಡೂ ಉಚಿತ, ಎರಡರಲ್ಲೂ ಒತ್ತು ಸರಿಯಾಗಿ ಕೂಡುತ್ತದೆ. ಫೋಟೊಶಾಪ್ ಬಳಸುವವರು ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಹಾಕಿಕೊಳ್ಳಿ. ಮುಗಿದ ಮೇಲೆ ಇಡೀ ವಿನ್ಯಾಸವನ್ನು ಪಿಎನ್‌ಜಿ ಚಿತ್ರವಾಗಿ ಉಳಿಸಿ. ಚಿತ್ರವಾದ ಮೇಲೆ ಯಾವ ಕಂಪ್ಯೂಟರ್‌ಗೆ ಒಯ್ದರೂ ಅಕ್ಷರ ಕೆಡುವುದಿಲ್ಲ. ಲೇಬಲ್ ಸಾಫ್ಟ್‌ವೇರ್‌ನಲ್ಲಿ ಈ ಚಿತ್ರವನ್ನು ಹಿನ್ನೆಲೆಯಾಗಿ ಇಟ್ಟರೆ ಆಯಿತು.

ಚಿತ್ರದ ಅಳತೆ: 120 ಮಿ.ಮೀ. ಚೌಕ. 300 ಡಿಪಿಐಗೆ, ಅಂದರೆ ಅಂಗುಲಕ್ಕೆ 300 ಚುಕ್ಕಿ, ಇದು 1417 ಪಿಕ್ಸೆಲ್ ಆಗುತ್ತದೆ. ಸಣ್ಣ ಅಕ್ಷರ ಜಾಸ್ತಿ ಇದ್ದರೆ 600 ಡಿಪಿಐ, 2835 ಪಿಕ್ಸೆಲ್ ಇಡಿ. ಹಿನ್ನೆಲೆಯ ಬಣ್ಣ ಅಥವಾ ಫೋಟೊ ಚೌಕದ ತುಂಬಾ ಹರಡಿರಲಿ. ಸಾಫ್ಟ್‌ವೇರ್ ತಾನೇ ದುಂಡಗೆ ಕತ್ತರಿಸುತ್ತದೆ.

ಅಕ್ಷರ ಎಲ್ಲಿ ಇಡಬೇಕು? ವೈಡ್ ಡಿಸ್ಕ್‌ನಲ್ಲೂ ರಂಧ್ರದ ಪಕ್ಕದಿಂದ ಅಂಚಿಗೆ ಇರುವ ಪಟ್ಟಿಯ ಅಗಲ 47 ಮಿ.ಮೀ. ಮಾತ್ರ. ಮೇಲಿನ ಅರ್ಧದಲ್ಲಿ ಹೆಸರು, ಕೆಳಗಿನ ಅರ್ಧದಲ್ಲಿ ವಿವರ, ನೇರ ಸಾಲುಗಳಲ್ಲಿ. ಇದೇ ಓದಲು ಸುಲಭ. ಡಿಸ್ಕ್ ದುಂಡಗಿದೆ ಅಂತ ಅಕ್ಷರವನ್ನೂ ದುಂಡಗೆ ಸುತ್ತಿಸುವ ಆಸೆ ಎಲ್ಲರಿಗೂ ಬರುತ್ತದೆ. ಇಂಗ್ಲಿಷಿಗೆ ಅದು ಒಪ್ಪುತ್ತದೆ. ಕನ್ನಡದಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಕ್ಷರಗಳನ್ನು ಕಮಾನಿನಂತೆ ಬಾಗಿಸಿದಾಗ ತಲೆಗಳು ದೂರವಾಗಿ ಕಾಲುಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಒತ್ತುಗಳು ಒಂದರ ಮೇಲೊಂದು ಹತ್ತಿ ಓದಲಾಗುವುದಿಲ್ಲ. ಸುತ್ತಿಸಲೇಬೇಕು ಅಂದರೆ ಒತ್ತು ಕಮ್ಮಿ ಇರುವ ಚಿಕ್ಕ ಹೆಸರನ್ನು ಮಾತ್ರ ಸುತ್ತಿಸಿ.

ಬಿಳಿ ಲೇಪನದ ಮೇಲೆ ಶಾಯಿ ಸ್ವಲ್ಪ ಹರಡುತ್ತದೆ. 8 ಪಾಯಿಂಟ್‌ಗಿಂತ ಚಿಕ್ಕ ಕನ್ನಡ ಅಕ್ಷರ ಬೇಡ. ಕಡುಬಣ್ಣದ ಫೋಟೊ ಮೇಲೆ ಬಿಳಿ ಅಕ್ಷರ ಇಡುವುದಾದರೆ ಇನ್ನೂ ದೊಡ್ಡದು, ದಪ್ಪನೆಯದು ಬೇಕು. ಇಲ್ಲದಿದ್ದರೆ ಸುತ್ತಲ ಶಾಯಿ ಹರಡಿ ಒತ್ತುಗಳನ್ನು ನುಂಗಿಬಿಡುತ್ತದೆ. ನೋಟೊ ಸಾನ್ಸ್ ಕನ್ನಡ ಚಿಕ್ಕ ಅಕ್ಷರಕ್ಕೆ ಚೆನ್ನಾಗಿದೆ. ದೊಡ್ಡ ಹೆಸರಿಗೆ ಬಾಲೂ ತಮ್ಮ ಹಾಕಬಹುದು.

ಏನು ಬರೆಯಬೇಕು ಅನ್ನುವುದು ಎಲ್ಲಕ್ಕಿಂತ ಮುಖ್ಯ. "ಮದುವೆ ವಿಡಿಯೊ" ಅಂತ ಮಾತ್ರ ಬರೆದರೆ ಮೊಮ್ಮಕ್ಕಳಿಗೆ ಏನು ತಿಳಿಯುತ್ತದೆ? ಯಾರದ್ದು, ಎಲ್ಲಿ, ಯಾವ ದಿನ, ಒಟ್ಟು ಎಷ್ಟರಲ್ಲಿ ಎಷ್ಟನೇ ಡಿಸ್ಕ್ (1/3 ಹೀಗೆ), ಪ್ಲೇಯರ್‌ನಲ್ಲಿ ಓಡುವ ವಿಡಿಯೊನಾ ಅಥವಾ ಕಂಪ್ಯೂಟರಿನ ಫೈಲಾ, ಇಷ್ಟೂ ಇರಬೇಕು. ಸಂಗೀತವಾದರೆ ಹಾಡಿದವರ ಜೊತೆ ಪಕ್ಕವಾದ್ಯದವರ ಹೆಸರೂ ಬರಲಿ. ಯಕ್ಷಗಾನಕ್ಕೆ ಪ್ರಸಂಗ, ಮೇಳ, ಭಾಗವತರು. ಕ್ಯಾಸೆಟ್‌ನಿಂದ ಇಳಿಸಿದ್ದಾದರೆ ಮೂಲ ಧ್ವನಿಮುದ್ರಣದ ವರ್ಷ ಬೇರೆ, ಡಿಸ್ಕ್ ಮಾಡಿದ ವರ್ಷ ಬೇರೆ. ಎರಡನ್ನೂ ಹಾಕಿ. ಜಾಗ ಸಾಲದಿದ್ದರೆ ಫೋಟೊ ಚಿಕ್ಕದು ಮಾಡಿ. ಮಾಹಿತಿ ಬಿಡಬೇಡಿ.

ಕೋರ್ಟಿಗೆ ಕೊಡುವ ಡಿಸ್ಕ್‌ಗೆ ಫೋಟೊ, ಬಣ್ಣ ಯಾವುದೂ ಬೇಡ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಸಾಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲ್‌ನ ಹ್ಯಾಶ್, ಅಂದರೆ ಫೈಲ್‌ನಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ, ಬರೆಯಬೇಕು. ಡಿಸ್ಕ್ ಮೇಲಿನ ಹೆಸರು, ಸಂಖ್ಯೆ ಆ ಪ್ರಮಾಣಪತ್ರಕ್ಕೆ ಅಕ್ಷರಶಃ ಹೊಂದಲಿ. ಮುದ್ರಿಸುವ ಮೊದಲು ನಿಮ್ಮ ವಕೀಲರಿಗೆ ತೋರಿಸಿ.

4. ಮೊದಲು ಕಾಗದ, ಆಮೇಲೆ ಕೆಟ್ಟ ಡಿಸ್ಕ್

ಮಾಮೂಲಿ ಎ4 ಕಾಗದದ ಮೇಲೆ ಲೇಬಲ್ಲನ್ನು ನಿಜ ಅಳತೆಯಲ್ಲಿ ಪ್ರಿಂಟ್ ಮಾಡಿ. ಅದರ ಮೇಲೆ ಡಿಸ್ಕ್ ಇಟ್ಟು ನೋಡಿ. ಹೆಸರಿನ ಅಕ್ಷರ ರಂಧ್ರಕ್ಕೆ ಬೀಳುತ್ತಾ? ಯಾರದಾದರೂ ಮುಖ ಅರ್ಧ ಕತ್ತರಿಸಿದೆಯಾ? ಕಾಗುಣಿತ ಸರಿ ಇದೆಯಾ? ಮನೆಯವರ ಕೈಯಲ್ಲೂ ಒಂದು ಸಲ ಓದಿಸಿ. ಹೆಸರಿನ ತಪ್ಪು ನಿಮ್ಮ ಕಣ್ಣಿಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ.

ಆಮೇಲೆ ಎತ್ತಿಟ್ಟಿದ್ದ ಕೆಟ್ಟ ಡಿಸ್ಕನ್ನು ಟ್ರೇಗೆ ಹಾಕಿ ಮುದ್ರಿಸಿ. ಚಿತ್ರ ಒಂದು ಕಡೆಗೆ ಸರಿದಿದ್ದರೆ ಸಾಫ್ಟ್‌ವೇರ್‌ನಲ್ಲಿ ಮುದ್ರಣದ ಸ್ಥಾನ ಸರಿಪಡಿಸುವ ಆಯ್ಕೆ ಇರುತ್ತದೆ. ಎಷ್ಟು ಸರಿದಿದೆ ಅಂತ ಸ್ಕೇಲ್‌ನಲ್ಲಿ ಅಳೆದು ಅಷ್ಟನ್ನೇ ಕೊಡಿ. ಅಂದಾಜಿನಲ್ಲಿ ಕೊಟ್ಟರೆ ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. ಒಂದು ಸಲ ಸರಿಯಾದರೆ ಆ ಅಂಕಿ ಬರೆದಿಟ್ಟುಕೊಳ್ಳಿ.

5. ಟ್ರೇ ಹಾಕುವುದು

ಪ್ರಿಂಟರ್ ಆನ್ ಮಾಡಿ, ಸದ್ದು ನಿಲ್ಲುವವರೆಗೆ ಕಾಯಿರಿ. ಟ್ರೇ ಒಳಗಿದ್ದಾಗ ಆನ್, ಆಫ್ ಮಾಡಬೇಡಿ. ನಾಝಲ್ ಚೆಕ್ ಈಗಲೇ ಮುಗಿಸಿ. ನಾಝಲ್ ಅಂದರೆ ಶಾಯಿ ಚಿಮ್ಮುವ ಸಣ್ಣ ತೂತು. ಒಂದು ಮುಚ್ಚಿದ್ದರೂ ಡಿಸ್ಕ್ ಮೇಲೆ ಗೆರೆಗೆರೆ ಬರುತ್ತದೆ.

ಟ್ರೇಯನ್ನು ಒಣ ಬಟ್ಟೆಯಿಂದ ಒರೆಸಿ. ಡಿಸ್ಕನ್ನು ಅಂಚಿನಲ್ಲಿ ಹಿಡಿದು ಬಿಳಿ ಮುಖ ಮೇಲಾಗಿ ಕೂರಿಸಿ. ಬಿಳಿ ಮುಖಕ್ಕೂ ಬೆರಳು ತಾಗಬಾರದು, ಎಣ್ಣೆ ಜಿಡ್ಡು ಇರುವ ಕಡೆ ಶಾಯಿ ಹಿಡಿಯುವುದಿಲ್ಲ. ಒಂದು ಕಡೆ ಎದ್ದಿದ್ದರೆ ಪ್ರಿಂಟ್ ಹೆಡ್‌ಗೆ ತಾಗುತ್ತದೆ, ಪೂರ್ತಿ ಸಮತಟ್ಟಾಗಿ ಕೂತಿದೆಯಾ ನೋಡಿ. ಟ್ರೇ ಮೇಲೂ ಪ್ರಿಂಟರ್ ಮೇಲೂ ಬಾಣದ ಗುರುತು ಇರುತ್ತದೆ. ಎರಡೂ ಎದುರುಬದುರು ಬರುವವರೆಗೆ ನೆಟ್ಟಗೆ ತಳ್ಳಿ. ಕೆಲವು ಮಾದರಿಗಳಲ್ಲಿ ಪ್ರಿಂಟ್ ಒತ್ತಿದ ಮೇಲೆ "ಟ್ರೇ ಹಾಕಿ" ಅಂತ ಸೂಚನೆ ಬರುತ್ತದೆ, ಅಲ್ಲಿವರೆಗೆ ಕಾಯಬೇಕು. ಟ್ರೇ ಹಿಂದಕ್ಕೂ ಹೊರಬರಬಹುದು. ಪ್ರಿಂಟರನ್ನು ಗೋಡೆಗೆ ಅಂಟಿಸಿ ಇಟ್ಟಿದ್ದರೆ ಸ್ವಲ್ಪ ಮುಂದೆ ಎಳೆಯಿರಿ.

6. ಪ್ರಿಂಟ್

ಕಾಗದದ ಬಗೆ ಅನ್ನುವಲ್ಲಿ "ಸಿಡಿ/ಡಿವಿಡಿ" ಆರಿಸಿ. ಇದನ್ನು ಮರೆತರೆ ಪ್ರಿಂಟರ್ ಹಿಂದಿನ ಕಾಗದ ಎಳೆದುಕೊಳ್ಳುತ್ತದೆ. ಅತಿ ಹೆಚ್ಚಿನ ಗುಣಮಟ್ಟ ಒಳ್ಳೆಯದು ಅಂತ ಸುಮ್ನೆ ಹಾಕಬೇಡಿ. ಲೇಪನ ಹೀರುವ ಶಾಯಿಗೆ ಮಿತಿ ಇದೆ. ಅದು ಮೀರಿದರೆ ಕಪ್ಪು ಭಾಗಗಳಲ್ಲಿ ಶಾಯಿ ನಿಂತು ಒಣಗುವುದೇ ಇಲ್ಲ. ಮಧ್ಯಮ ಗುಣಮಟ್ಟದಲ್ಲಿ ಶುರು ಮಾಡಿ. ಬಣ್ಣ ಮಂಕಾಗಿ ಕಂಡರೆ ಚಿತ್ರದಲ್ಲೇ ಬೆಳಕು, ಗಾಢತೆ ತಿದ್ದಿ. ಮ್ಯಾಟ್, ಅಂದರೆ ಹೊಳಪಿಲ್ಲದ ಲೇಪನದ ಮೇಲೆ ಬಣ್ಣ ಪರದೆಯಷ್ಟು ಹೊಳೆಯುವುದಿಲ್ಲ, ಅದು ಸಹಜ.

7. ಒಣಗಲು ಬಿಡಿ

24 ಗಂಟೆ. ಮುಟ್ಟಿದರೆ ಒಣಗಿದಂತೆ ಅನ್ನಿಸಿದರೂ ಅಷ್ಟು ಹೊತ್ತು ಪ್ಲೇಯರ್‌ಗೆ ಹಾಕಬೇಡಿ, ಒಂದರ ಮೇಲೊಂದು ಇಡಬೇಡಿ, ಕವರಿಗೂ ತುರುಕಬೇಡಿ. ಬೇಗ ಒಣಗಲಿ ಅಂತ ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡವೇ ಬೇಡ. ಬಿಸಿಲು ಡಿಸ್ಕ್‌ನೊಳಗಿನ ಡೈ ಪದರಕ್ಕೂ (ಮಾಹಿತಿ ಬರೆಯಲ್ಪಡುವ ಬಣ್ಣದ ಪದರ) ಶತ್ರು, ಮೇಲಿನ ಬಣ್ಣಕ್ಕೂ ಶತ್ರು. ಫ್ಯಾನ್ ಇರುವ ಕೋಣೆಯಲ್ಲಿ ನೆರಳಲ್ಲಿ ಹರಡಿ ಇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇನ್ನೂ ಒಂದು ದಿನ ಹೆಚ್ಚು ಕೊಡಿ. ಗಿರಾಕಿಗೆ ಕೊಡುವ ದಿನಾಂಕ ಹೇಳುವಾಗಲೇ ಈ ಸಮಯ ಸೇರಿಸಿ ಹೇಳಿ.

ತೊಂದರೆ ಬಂದರೆ

ಪ್ರಿಂಟರ್ ಟ್ರೇಯನ್ನು ವಾಪಸ್ ತಳ್ಳುತ್ತಿದೆ: ಬಾಣದ ಗುರುತು ಹೊಂದಿಲ್ಲ, ಅಥವಾ ಟ್ರೇ ಸೊಟ್ಟಗಿದೆ, ಅಥವಾ ಡಿಸ್ಕ್ ಕೂರಿಸುವುದನ್ನೇ ಮರೆತಿದ್ದೀರಿ. ಟ್ರೇಯನ್ನು ಮೇಜಿನ ಮೇಲಿಟ್ಟು ನಾಲ್ಕು ಮೂಲೆಯೂ ತಾಗುತ್ತಾ ನೋಡಿ.

ಅಕ್ಷರದ ಅಂಚು ಎರಡೆರಡಾಗಿ ಕಾಣುತ್ತದೆ: "ಬೈಡೈರೆಕ್ಷನಲ್" ಅಥವಾ "ಹೈ ಸ್ಪೀಡ್" ಆಯ್ಕೆ ತೆಗೆಯಿರಿ. ಹೆಡ್ ಹೋಗುವಾಗಲೂ ಬರುವಾಗಲೂ ಮುದ್ರಿಸುವ ವಿಧಾನ ಅದು. ತೆಗೆದರೆ ನಿಧಾನ ಆಗುತ್ತದೆ, ಆದರೆ ಅಕ್ಷರ ಚೊಕ್ಕಟವಾಗಿ ಬರುತ್ತದೆ.

ಒಂದು ದಿನ ಕಳೆದರೂ ಶಾಯಿ ಕೈಗೆ ಹತ್ತುತ್ತಿದೆ: ಶಾಯಿ ಜಾಸ್ತಿ ಆಗಿದೆ, ಅಥವಾ ಡಿಸ್ಕ್ ಇಂಕ್‌ಜೆಟ್ ಬಗೆಯದಲ್ಲ. ಒರೆಸಲು ನೀರು, ಸ್ಪಿರಿಟ್ ಹಾಕಬೇಡಿ.

ದಿನಾಂಕ ಬಿಟ್ಟುಹೋಗಿದೆ: ಇಡೀ ಡಿಸ್ಕ್ ಮತ್ತೆ ಮಾಡಬೇಕಿಲ್ಲ. ಪೂರ್ತಿ ಒಣಗಿದ ಮೇಲೆ ಅದೇ ಡಿಸ್ಕನ್ನು ಟ್ರೇಗೆ ಹಾಕಿ, ಬಿಟ್ಟ ಸಾಲನ್ನು ಮಾತ್ರ ಇಟ್ಟ ಹೊಸ ಫೈಲ್ ಮುದ್ರಿಸಬಹುದು. ಡಿಸ್ಕ್‌ಗೆ ಮೇಲೆ ಕೆಳಗೆ ಅಂತ ಇಲ್ಲದಿರುವುದರಿಂದ ಮೊದಲಿನ ಸಾಲು ಟ್ರೇಯ ಅಂಚಿಗೆ ಸಮಾನಾಂತರ ಬರುವಂತೆ ತಿರುಗಿಸಿ ಕೂರಿಸಬೇಕು. ಅಷ್ಟೂ ಬೇಡ ಅಂದರೆ ಸಿಡಿ, ಡಿವಿಡಿಗೆಂದೇ ಬರುವ ಮೃದು ತುದಿಯ ಮಾರ್ಕರ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಮಾತ್ರ ಬೇಡ, ಅದರ ತುದಿ ಒತ್ತಿದ ಕಡೆ ಸಿಡಿಯ ಮಾಹಿತಿ ಪದರಕ್ಕೇ ಪೆಟ್ಟು ಬೀಳುತ್ತದೆ.